ಬೈಕ್‌ನಿಂದ ಬಿದ್ದೆ ಎಂದು ಬರೆದುಕೊಡಬೇಡಿ

ಪ್ರಶ್ನೆ: ನನ್ನ ಗಂಡ ನೆಲಮಂಗಲದ ಹತ್ತಿರ ಒಂದು ಗೋಡೌನಿನಲ್ಲಿ ಏಜೆನ್ಸಿ ಕಡೆಯಿಂದ ಲೋಡಿಂಗ್ ಕೆಲಸಕ್ಕಿದ್ದಾರೆ. ಸಂಬಳ 17,000 ರೂಪಾಯಿ. ಹೋದ ವಾರ ರಾತ್ರಿ ಪಾಳಿಯಲ್ಲಿ ಫೋರ್ಕ್‌ಲಿಫ್ಟ್ ತಿರುಗುವಾಗ ಅದರ ಹಿಂದಿನ ಚಕ್ರ ಎಡಗಾಲಿನ ಮೇಲೆ ಹತ್ತಿತು. ಎರಡು ಬೆರಳು ತೆಗೆದಿದ್ದಾರೆ. ‘ಆಸ್ಪತ್ರೆ ಬಿಲ್ ನಾವು ಕಟ್ಟುತ್ತೇವೆ, ರಜೆಯ ದಿನ ಊರಲ್ಲಿ ಬೈಕ್‌ನಿಂದ ಬಿದ್ದೆ ಅಂತ ಬರೆದುಕೊಡು’ ಎನ್ನುತ್ತಿದ್ದಾರೆ ಸೂಪರ್‌ವೈಸರ್. ‘ಪಕ್ಕದಲ್ಲಿ ನಿಂತಿದ್ದು ನಂದೇ ತಪ್ಪು’ ಎಂದು ಇವರು ಸಹಿಗೆ ಒಪ್ಪಿದ್ದಾರೆ. ಏನು ಮಾಡಲಿ?

ಉತ್ತರ: ತಂಗಿ, ಸಹಿ ಹಾಕಲು ಬಿಡಬೇಡಿ.

ತಪ್ಪು ತನ್ನದೆಂಬ ಕೊರಗು ಅವರನ್ನು ತಿನ್ನುತ್ತಿದೆ. ಆದರೆ ಫೋರ್ಕ್‌ಲಿಫ್ಟ್ ಕಾರಿನ ಹಾಗಲ್ಲ, ಅದರಲ್ಲಿ ಹೊರಳುವುದು ಹಿಂದಿನ ಚಕ್ರ. ಚಾಲಕ ಬಲಕ್ಕೆ ತಿರುಗಿಸಿದರೆ ಹಿಂಭಾಗ ಎಡಕ್ಕೆ ಬೀಸುತ್ತದೆ, ಪಕ್ಕದಲ್ಲಿದ್ದವರಿಗೆ ಕಾಲು ಎಳೆದುಕೊಳ್ಳಲೂ ಸಮಯ ಸಿಗುವುದಿಲ್ಲ. ಅಂಥ ಗಾಡಿ ಓಡಾಡುವ ಕಡೆ ಜನ ನಡೆಯಲು ಬೇರೆ ದಾರಿ ಗುರುತಿಸುವುದು ಗೋಡೌನ್ ನಡೆಸುವವರ ಹೊಣೆ. ಕೆಲಸಗಾರ ಅಜಾಗರೂಕನಾಗಿದ್ದ ಮಾತ್ರಕ್ಕೆ ಇಎಸ್‌ಐ ವಿಮೆಯ ಸೌಲಭ್ಯ ತಪ್ಪುವುದೂ ಇಲ್ಲ.

ಈಗ ಆ ಸುಳ್ಳಿನ ಬೆಲೆ ನೋಡಿ. ಕೆಲಸದ ಹೊರಗೆ ಬಿದ್ದ ಗಾಯವಾದರೆ ಇಎಸ್‌ಐ ಕೊಡುವುದು ಸಂಬಳದ ಶೇ 70, ಅದೂ ವರ್ಷಕ್ಕೆ 91 ದಿನ ಮಾತ್ರ. ಕೆಲಸದಲ್ಲಾದ ಗಾಯಕ್ಕೆ ಸುಮಾರು ಶೇ 90, ವಾಸಿಯಾಗಿ ಕೆಲಸಕ್ಕೆ ಮರಳುವವರೆಗೂ. ಹೋದ ಬೆರಳುಗಳಿಗೆ ವೈದ್ಯಕೀಯ ಮಂಡಳಿ ಅಂಗವೈಕಲ್ಯದ ಪ್ರಮಾಣ ನಿಗದಿ ಮಾಡುತ್ತದೆ. ಅದರಂತೆ ಬದುಕಿರುವಷ್ಟು ದಿನ ಹಣ ಬರುತ್ತದೆ. ಒಂದು ಆಸ್ಪತ್ರೆ ಬಿಲ್ಲಿಗಾಗಿ ಇಷ್ಟನ್ನೂ ಬಿಟ್ಟುಕೊಡಬೇಕೇ?

ಸಂಬಳದ ಚೀಟಿ ತೆಗೆದು ನೋಡಿ. ಇಎಸ್‌ಐ ಎಂದು ಶೇ 0.75 ಕಡಿತವಾಗಿರಬೇಕು, 17,000ಕ್ಕೆ ಸುಮಾರು 128 ರೂಪಾಯಿ. ಏಜೆನ್ಸಿ ಕಟ್ಟಿಲ್ಲವಾದರೆ ಗೋಡೌನಿನವರೇ ಜವಾಬ್ದಾರರು. ಆ ಚೀಟಿ, ಹಾಜರಿಯ ಫೋಟೊ, ಆ ರಾತ್ರಿ ಜೊತೆಗಿದ್ದವರ ಹೆಸರು, ಸೂಪರ್‌ವೈಸರ್ ವಾಟ್ಸ್‌ಆ್ಯಪ್ ಸಂದೇಶ ಕಳಿಸಿದ್ದರೆ ಅದು, ಎಲ್ಲವನ್ನೂ ಜೋಪಾನವಾಗಿಡಿ. ಅಪಘಾತದ ವರದಿ ಸಲ್ಲಿಸಿ ಎಂದು ಕಂಪನಿಗೆ ಬರವಣಿಗೆಯಲ್ಲೇ ಕೇಳಿ, ಒಂದು ಪ್ರತಿಯನ್ನು ಇಎಸ್‌ಐ ಶಾಖಾ ಕಚೇರಿಗೆ ಕೊಟ್ಟು ಸೀಲ್ ಹಾಕಿಸಿಕೊಳ್ಳಿ.

ಕೆಲಸ ಹೋದೀತೆಂಬ ಭಯವೂ ನಿಮಗಿರಬಹುದು, ಅದು ನನಗೆ ಅರ್ಥವಾಗುತ್ತದೆ. ಹಾಗೆ ಬೆದರಿಸಿದರೆ ಕಾರ್ಮಿಕ ಇಲಾಖೆಯ ಕಚೇರಿಗೆ ಹೋಗಿ, ಒಬ್ಬರೇ ಹೋಗಬೇಡಿ.

ನಾಳೆ ಡಾಕ್ಟರು ರೌಂಡ್ಸ್‌ಗೆ ಬಂದಾಗ, ‘ಡ್ಯೂಟಿಯಲ್ಲಿದ್ದಾಗ ಫೋರ್ಕ್‌ಲಿಫ್ಟ್ ಹತ್ತಿತು’ ಎಂದು ಕೇಸ್ ಶೀಟಿನಲ್ಲಿ ಬರೆಸಿ. ಡಿಸ್‌ಚಾರ್ಜ್ ಆಗುವ ಮೊದಲೇ ಅದು ಆಗಬೇಕು.