ಅತಿಥಿ ನಂಬಿ ಕೊಟ್ಟ ಕಾಗದ

2024ರ ಫೆಬ್ರವರಿ. ವೇಣೂರಿನಲ್ಲಿ ಹನ್ನೆರಡು ವರ್ಷಗಳ ಬಳಿಕ ಮಹಾಮಸ್ತಕಾಭಿಷೇಕ. 1604ರಲ್ಲಿ ತಿಮ್ಮಣ್ಣ ಅಜಿಲರು ನಿಲ್ಲಿಸಿದ 35 ಅಡಿಯ ಬಾಹುಬಲಿಯನ್ನು ನೋಡಲೆಂದು ಬಂದ ಜರ್ಮನಿಯ ದಂಪತಿ ನಮ್ಮ ಹೋಂಸ್ಟೇಯಲ್ಲಿ ಮೂರು ದಿನ ಉಳಿದರು. ವಿದೇಶಿಯರು ಬಂದ 24 ಗಂಟೆಯೊಳಗೆ ಅವರ ವಿವರವನ್ನು ಸರ್ಕಾರಕ್ಕೆ ಆಗ ಫಾರಂ ಸಿ ಮೂಲಕ ಸಲ್ಲಿಸಬೇಕಿತ್ತು. ಪಾಸ್‌ಪೋರ್ಟ್, ವೀಸಾಗಳ ಫೋಟೊ ತೆಗೆದು ಸಲ್ಲಿಸಿದೆ. ಕೆಲಸ ಮುಗಿಯಿತು ಅಂದುಕೊಂಡೆ.

ಎರಡು ತಿಂಗಳಲ್ಲಿ ಅವರ ಇ-ಮೇಲ್ ಬಂತು: ನಮ್ಮ ಯಾವ ಮಾಹಿತಿ ನಿಮ್ಮಲ್ಲಿದೆ, ಎಲ್ಲೆಲ್ಲಿದೆ? ಬೇಡದ್ದನ್ನು ದಯವಿಟ್ಟು ಅಳಿಸಿ.

ಹುಡುಕಲು ಕುಳಿತೆ. "ನನ್ನ ಫೋನಿನಲ್ಲೂ ಉಂಟಲ್ಲ ಮಾವ" ಎಂದ ಅಳಿಯ. ಮನೆಯ ವಾಟ್ಸಾಪ್ ಗುಂಪಿಗೆ ಹಾಕಿದ್ದರಿಂದ ಆ ಫೋಟೊ ನಾಲ್ಕು ಫೋನುಗಳಲ್ಲಿ ಕೂತಿತ್ತು. ಪಾಸ್‌ಪೋರ್ಟಿನ ಒಂದು ಜೆರಾಕ್ಸ್ ಅಡುಗೆಮನೆಯಲ್ಲಿ ಸಿಕ್ಕಿತು. ಅದರ ಬೆನ್ನಿಗೆ ಡೇರಿಗೆ ಹಾಕಿದ ಹಾಲಿನ ಲೆಕ್ಕ. ತಿರುಗಿಸಿದರೆ ಆ ಅಮ್ಮನ ಮುಖ, ಹುಟ್ಟಿದ ದಿನ, ಪಾಸ್‌ಪೋರ್ಟ್ ಸಂಖ್ಯೆ. ನನಗೆ ನಾಚಿಕೆಯಾಯಿತು.

ವೈಯಕ್ತಿಕ ಮಾಹಿತಿಯನ್ನು ಕಾಯುವ ಯುರೋಪಿನ ಜಿಡಿಪಿಆರ್ ಕಾನೂನು ಜಾರಿಗೆ ಬಂದದ್ದು 2018ರ ಮೇ 25ರಂದು. ಅದು ತನ್ನ ಗಡಿಯಾಚೆಯ ವ್ಯಾಪಾರಿಗಳನ್ನೂ ಮುಟ್ಟುತ್ತದೆ. ವೆಬ್‌ಸೈಟ್ ಅಲ್ಲಿಯವರಿಗೆ ಕಾಣುತ್ತದೆ ಎಂಬಷ್ಟಕ್ಕೇ ಅಲ್ಲ. ಅಲ್ಲಿಯವರನ್ನೇ ಕರೆದು ವ್ಯಾಪಾರ ಮಾಡಿದರೆ ಹೊಣೆ ಬರುತ್ತದೆ. ನಮ್ಮದರಲ್ಲಿ ಜರ್ಮನ್ ಪುಟವೂ ಇತ್ತು, ಯೂರೋ ದರವೂ ಇತ್ತು. ಇಂಥ ಕೋರಿಕೆಗೆ ಸಾಮಾನ್ಯವಾಗಿ ಒಂದು ತಿಂಗಳೊಳಗೆ ಉತ್ತರ ಕೊಡಬೇಕು. ಎಲ್ಲ ಪ್ರತಿಗಳನ್ನು ಅಳಿಸಿ, ಜೆರಾಕ್ಸ್ ಹರಿದು, ಸರ್ಕಾರಕ್ಕೆ ಸಲ್ಲಿಸಿದ್ದನ್ನೂ ಅತಿಥಿ ರಿಜಿಸ್ಟರನ್ನೂ ಅಳಿಸಲಾರೆವು ಎಂದು ಕಾರಣ ಸಹಿತ ಬರೆದೆ.

ಆಮೇಲೆ ಮೂರು ಕ್ರಮ ಮಾಡಿಕೊಂಡೆವು. ಬೇಕಾದಷ್ಟೇ ಕೇಳುವುದು. ಒಂದೇ ಫೋನಿನಲ್ಲಿ, ಒಂದೇ ಜಾಗದಲ್ಲಿ ಇಡುವುದು. ಏನನ್ನು ಯಾಕೆ, ಎಷ್ಟು ದಿನ ಇಡುತ್ತೇವೆಂದು ಬುಕ್ಕಿಂಗ್ ವೇಳೆಯೇ ತಿಳಿಸುವುದು. ಮಾಹಿತಿ ಸೋರಿ ಅತಿಥಿಗೆ ಅಪಾಯವಿದ್ದರೆ 72 ಗಂಟೆಯೊಳಗೆ ವರದಿ ಮಾಡಬೇಕೆಂಬುದನ್ನೂ ಮನೆಯವರಿಗೆಲ್ಲ ಹೇಳಿಟ್ಟಿದ್ದೇನೆ.

ಇದು ಪರದೇಶದವರ ಹಠವಲ್ಲ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿಯವರ ಪ್ರಕರಣದಲ್ಲೇ 2017ರಲ್ಲಿ ಸುಪ್ರೀಂ ಕೋರ್ಟ್ ಖಾಸಗಿತನವನ್ನು ಮೂಲಭೂತ ಹಕ್ಕೆಂದಿತು. 2023ರಲ್ಲಿ ನಮ್ಮದೇ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆಯೂ ಬಂತು. ಬೆಂಗಳೂರಿನಿಂದ ಬರುವವರ ಆಧಾರ್ ಪ್ರತಿಗೂ ನಮ್ಮಲ್ಲಿ ಈಗ ಅದೇ ಕ್ರಮ.

ವಿದೇಶಿ ಅತಿಥಿಯ ವಿವರ ಸಲ್ಲಿಸಿದ ಕೂಡಲೇ ಅಳಿಯ ಫೋನನ್ನು ಅತಿಥಿಯ ಎದುರೇ ಹಿಡಿದು ಫೋಟೊ ಅಳಿಸುತ್ತಾನೆ. ಚಾವಡಿಯಲ್ಲಿ ಕೂತವರಿಗೆ ಬೆಲ್ಲ, ನೀರು ಕೊಟ್ಟಷ್ಟೇ ಸಹಜವಾಗಿ ಈಗ ಅದೂ ನಡೆಯುತ್ತದೆ.