ಸರ್ವರ್ ಡೌನ್ ಅಲ್ಲ, ನಮ್ಮ ಲೈನೇ ಜಾಮ್

ನಾಲತವಾಡದಂಥ ಊರಲ್ಲಿ ಆನ್‌ಲೈನ್ ಅಂಗಡಿ ನಡೆಸುವ ನಮ್ಮಂಥವರ ಬಾಯಲ್ಲಿ ಸದಾ ಇರುವ ಮಾತು: ‘ಸರ್ವರ್ ಡೌನ್ ಐತ್ರಿ, ನಾಳೆ ಬರ್ರಿ.’ ಪಹಣಿ, ಜಾತಿ ಪ್ರಮಾಣಪತ್ರ, ತೊಗರಿ ವಿಮೆಗೆಂದು ಹಳ್ಳಿಗಳಿಂದ ಬಂದವರು ಅದನ್ನು ನಂಬಿ ತಿರುಗಿ ಹೋಗುತ್ತಾರೆ. ಎಷ್ಟೋ ಸಲ ಅದು ನಿಜವೇ. ಆದರೆ ಒಂದು ಮುಂಗಾರಿನಲ್ಲಿ ವಿಮೆಯ ಪುಟ ತೆರೆಯದಿದ್ದಾಗ ಮೊಬೈಲ್ ಹಾಟ್‌ಸ್ಪಾಟ್ ಹಚ್ಚಿ ನೋಡಿದೆ, ಥಟ್ಟನೆ ತೆರೆಯಿತು. ದೋಷ ನಮ್ಮ ಅಂಗಡಿಯೊಳಗೇ ಇತ್ತು.

ಕಂಪ್ಯೂಟರುಗಳ ವೈರು ಒಂದೊಂದಾಗಿ ಕೀಳುತ್ತ ಹೋದಾಗ ಮೂಲೆಯ ಯಂತ್ರ ಸಿಕ್ಕಿಬಿತ್ತು. ಕೆಲಸದ ಹುಡುಗ ಅದರಲ್ಲಿ ಟೊರೆಂಟ್ ಹಾಕಿಕೊಂಡು ಸಿನಿಮಾ ಇಳಿಸಿದ್ದ. ‘ಅದು ನಿನ್ನೇನ ಮುಗದೈತ್ರಿ ಅಣ್ಣಾರ, ಬಂದ್ ಮಾಡೀನಿ’ ಎಂದ. ಬಂದ್ ಆಗಿದ್ದು ವಿಂಡೋ ಮಾತ್ರ. ತಂತ್ರಾಂಶ ಗಡಿಯಾರದ ಪಕ್ಕದ ಚಿಕ್ಕ ಐಕಾನಿನಲ್ಲಿ ಕೂತು ದುಡಿಯುತ್ತಲೇ ಇತ್ತು.

ಬ್ರಾಮ್ ಕೋಹೆನ್ 2001ರಲ್ಲಿ ರೂಪಿಸಿದ ಬಿಟ್‌ಟೊರೆಂಟ್ ನಡೆಯುವುದೇ ಹಾಗೆ. ಫೈಲನ್ನು ತುಂಡು ತುಂಡಾಗಿ ಪಡೆಯುವ ಯಂತ್ರ, ತನ್ನಲ್ಲಿರುವ ತುಂಡುಗಳನ್ನು ಬೇರೆಯವರಿಗೂ ಕೊಡುತ್ತದೆ. ಪೂರ್ತಿ ಸಿಕ್ಕ ಮೇಲೂ ಕೊಡುತ್ತಿರುತ್ತದೆ. ನಮ್ಮದು ಟೆಲಿಫೋನ್ ತಂತಿಯ ಬ್ರಾಡ್‌ಬ್ಯಾಂಡ್. ಅದರಲ್ಲಿ ಅಪ್‌ಲೋಡ್ ವೇಗ ತೀರಾ ಕಡಿಮೆ. ಪುಟ ಇಳಿಯಬೇಕಾದರೂ ‘ತಲುಪಿತು’ ಎಂಬ ಮರುಸಂದೇಶ ಮೇಲಕ್ಕೆ ಹೋಗಬೇಕು. ಆ ದಾರಿ ತುಂಬಿದರೆ ಇಳಿಯುವುದೂ ಕುಂಟುತ್ತದೆ. ಕಾಲುವೆಯ ಮೇಲ್ಭಾಗದವರು ತೂಬು ತೆಗೆದಿಟ್ಟರೆ ಕೊನೆಯ ಹೊಲಕ್ಕೆ ನೀರು ಮುಟ್ಟದಲ್ಲ, ಹಾಗೆ.

ಟೊರೆಂಟ್ ಬಳಸುವ 6881ರಿಂದ 6889ರವರೆಗಿನ ಪೋರ್ಟ್ ಮುಚ್ಚಿ ಎಂದು ಹಲವರು ಸಲಹೆ ಕೊಟ್ಟರು. ಅದು ಹಳೆಯ ಮದ್ದು. ಈಗಿನ ತಂತ್ರಾಂಶಗಳು ಬೇರೆ ಪೋರ್ಟ್ ಹಿಡಿಯುತ್ತವೆ. ರೂಟರಿನಲ್ಲಿ ಯುಪಿಎನ್‌ಪಿ ಆನ್ ಇದ್ದರೆ ಯಾರನ್ನೂ ಕೇಳದೆ ಬಾಗಿಲು ತೆರೆಸಿಕೊಳ್ಳುತ್ತವೆ. ಟೊರೆಂಟ್ ವೆಬ್‌ಸೈಟ್ ತಡೆದರೂ, ವಾಟ್ಸ್ಆಪ್‌ನಲ್ಲಿ ಒಂದು ಮ್ಯಾಗ್ನೆಟ್ ಲಿಂಕ್ ಬಂದರೆ ಸಾಕು, ಇಳಿಸುವುದು ಶುರುವಾಗುತ್ತದೆ.

ಹೀಗಾಗಿ ತಡೆಯುವುದಕ್ಕಿಂತ ಪಾಲು ಹಂಚುವುದೇ ನಮಗೆ ಫಲ ಕೊಟ್ಟಿತು. ಯುಪಿಎನ್‌ಪಿ ಆಫ್ ಮಾಡಿ ರೂಟರಿನ ಪಾಸ್‌ವರ್ಡ್ ಬದಲಿಸಿದೆ. ಪ್ರತಿ ಯಂತ್ರದ ಅಪ್‌ಲೋಡ್‌ಗೂ ಮಿತಿ ಹಾಕಿದೆ. ಹುಡುಗರ ಮೊಬೈಲು, ಲ್ಯಾಪ್‌ಟಾಪಿಗೆ ಗೆಸ್ಟ್ ವೈಫೈ ಕೊಟ್ಟೆ. ಗಿರಾಕಿಗಳ ಆಧಾರ್ ಸ್ಕ್ಯಾನ್ ಇರುವ ಶೇರ್ಡ್ ಫೋಲ್ಡರ್ ಅಲ್ಲಿಂದ ಕಾಣುವುದಿಲ್ಲ. ಅಂಗಡಿಯ ಯಂತ್ರಗಳಲ್ಲಿ ಅಡ್ಮಿನ್ ಪಾಸ್‌ವರ್ಡ್ ನನ್ನ ಬಳಿ ಮಾತ್ರ. ವಿಂಡೋಸ್ 10ರಲ್ಲೂ ಅಪ್‌ಡೇಟ್ ತುಂಡುಗಳನ್ನು ಹೊರಗಿನ ಕಂಪ್ಯೂಟರುಗಳಿಗೆ ಹಂಚಬಲ್ಲ ಡೆಲಿವರಿ ಆಪ್ಟಿಮೈಸೇಶನ್ ಇದೆ. ಅದನ್ನು ಲೋಕಲ್ ನೆಟ್‌ವರ್ಕ್‌ಗಷ್ಟೇ ಸೀಮಿತಗೊಳಿಸಿದರೆ ಒಂದು ಯಂತ್ರ ಇಳಿಸಿದ್ದನ್ನು ಉಳಿದವು ಪಡೆಯುತ್ತವೆ, ಲೈನೂ ಉಳಿಯುತ್ತದೆ. ಹಂಚಿಕೆಯೆಲ್ಲ ಕೆಟ್ಟದ್ದೇನಲ್ಲ, ಉಬುಂಟು ಲಿನಕ್ಸನ್ನು ಟೊರೆಂಟ್ ಮೂಲಕವೇ ಕಾನೂನುಬದ್ಧವಾಗಿ ಇಳಿಸಿಕೊಳ್ಳಬಹುದು.

ಮನೆಯಲ್ಲೂ ಇಷ್ಟೇ ಸಾಕು. ಪುಟ ನಿಧಾನವಾದರೆ ಟಾಸ್ಕ್ ಮ್ಯಾನೇಜರ್ ತೆರೆದು ನೆಟ್‌ವರ್ಕ್ ಕಾಲಮ್ ನೋಡಿ. ಆ ಯಂತ್ರದಲ್ಲಿ ಹೆಚ್ಚು ಎಳೆಯುವ ತಂತ್ರಾಂಶದ ಹೆಸರು ಅಲ್ಲೇ ಇರುತ್ತದೆ.

ಅಂಗಡಿಯಲ್ಲಿ ಇಷ್ಟೆಲ್ಲ ಮಾಡಿದ್ದು ಕಂಡು ಕೆಲಸದ ಹುಡುಗ ಮುಖ ಸಣ್ಣ ಮಾಡಿಕೊಂಡು, ‘ಸಿನಿಮಾನೂ ನೋಡಬಾರದೇನ್ರೀ?’ ಎಂದ. ‘ನೋಡಪ್ಪಾ, ಬ್ಯಾಡ ಅಂದವರ‍್ಯಾರು? ಆದ್ರ ಕದ್ದ ಸಿನಿಮಾ ಹಂಚೂದು ಬ್ಯಾಡ’ ಎಂದೆ. ಗೊತ್ತಿದ್ದೂ ಹಾಗೆ ಹಂಚುವುದು 1957ರ ಕೃತಿಸ್ವಾಮ್ಯ ಕಾಯ್ದೆಯ 63ನೇ ಕಲಮಿನಡಿ ಅಪರಾಧ. ಶಿಕ್ಷೆ ಮೂರು ವರ್ಷದವರೆಗೂ ಹೋಗಬಹುದು. ಐಪಿ ವಿಳಾಸ ಹುಡುಕಿ ಬಂದವರಿಗೆ ಮೊದಲು ಸಿಗುವುದು ಸಂಪರ್ಕ ಪಡೆದವರ ಹೆಸರು. ಇನ್ನೊಂದು ಮಾತನ್ನೂ ಸೇರಿಸಿದೆ: ಹಗಲು ಹೊತ್ತಿನಲ್ಲಿ ಈ ಲೈನು ಕೂಲಿ ಬಿಟ್ಟು, ಬಸ್ಸು ಹಿಡಿದು ಪಹಣಿಗೆ ಬಂದವರದ್ದು. ಕಾನೂನಿಗಿಂತ ಈ ಮಾತೇ ಅವನಿಗೆ ಬೇಗ ನಾಟಿತು.