ಪಂಕ್ತಿ ಒಂದೇ ಇರಲಿ

ಪ್ರೀತಿಯ ತಮ್ಮನಿಗೆ,

ಧರ್ಮಪುರದ ಶಾಲೆಯಲ್ಲಿ ಓದಿದವರೆಲ್ಲ ಸೇರಿ ಡಿಸೆಂಬರಿನಲ್ಲಿ ಗುರುವಂದನೆ ಇಟ್ಟುಕೊಂಡಿದ್ದೀರಿ, ಔತಣದ ಉಸ್ತುವಾರಿ ನಿನ್ನದು ಎಂದು ಕೇಳಿ ಸಂತೋಷವಾಯಿತು. ಹಿರಿಯೂರಿನ ಹೆದ್ದಾರಿ ಬದಿಯ ಹೋಟೆಲಿನಲ್ಲಿ ರಾತ್ರಿ ಗಾಲಾ ಡಿನ್ನರ್ ಆಗಲಿ ಅಂತ ಬೆಂಗಳೂರಿನ ಗೆಳೆಯರು, ಶಾಲೆಯ ಅಂಗಳದಲ್ಲೇ ಎಲೆ ಹಾಕೋಣ ಅಂತ ಊರಿನವರು. ಇಂಥ ಇಕ್ಕಟ್ಟು ಎಷ್ಟೋ ಊರುಗಳಲ್ಲಿದೆ. ಅದಕ್ಕೇ ನಿನಗೆ ಬರೆಯುವುದನ್ನು ಎಲ್ಲರೂ ಓದುವಂತೆ ಬರೆಯುತ್ತಿದ್ದೇನೆ.

ಜಾಗ ಆಮೇಲೆ ನೋಡೋಣ, ಬರುವವರು ಯಾರೆಂದು ಮೊದಲು ನೋಡು. ಎಂಬತ್ತು ದಾಟಿದ ಮೇಷ್ಟ್ರು ಒಂದು ಕೈಯಲ್ಲಿ ಊರುಗೋಲು, ಇನ್ನೊಂದರಲ್ಲಿ ತಟ್ಟೆ ಹಿಡಿದು ಬಫೆ ಸಾಲಿನಲ್ಲಿ ನಿಲ್ಲಬೇಕೇ? ಅವರನ್ನು ಕರೆಯುತ್ತಿರುವುದೇ ಗೌರವಿಸಲು. ಗಡಿಯಾಚೆಯ ಅಮರಾಪುರ, ಮಡಕಶಿರಾ ಕಡೆಯ ಕನ್ನಡದ ಗೆಳೆಯರು ರಾತ್ರಿ ಹತ್ತಕ್ಕೆ ಕೈ ತೊಳೆದು ಊರು ಸೇರುವುದು ಹೇಗೆ? ಔತಣ ರಾತ್ರಿಯೇ ನಡೆಯಬೇಕೆಂಬ ಕಟ್ಟಳೆಯೇನೂ ಇಲ್ಲ. ಶಾಲೆಯ ಅಂಗಳ, ಮಧ್ಯಾಹ್ನ, ಕೂತು ಉಣ್ಣುವ ಪಂಕ್ತಿ: ನನ್ನ ಮಾತು ಇಷ್ಟೇ. ನೆಲಕ್ಕೆ ಕೂರಲಾಗದವರಿಗೆ ಅದೇ ಸಾಲಿನಲ್ಲಿ ಮೇಜು, ಕುರ್ಚಿ ಹಾಕಿಸು.

ಪಂಕ್ತಿ ಎಂದೊಡನೆ ಅದರ ಕಹಿಯನ್ನೂ ನೆನೆಯಬೇಕು. ಜಾತಿ ನೋಡಿ ಎಲೆ ಹಾಕುತ್ತಿದ್ದ, ಕೆಲವರನ್ನು ಹೊರಗೇ ಕೂರಿಸುತ್ತಿದ್ದ ಕಾಲ ಬಹಳ ಹಿಂದಿನದಲ್ಲ. 1917ರಲ್ಲಿ ಕೇರಳದ ಚೆರಾಯಿಯಲ್ಲಿ ಸಹೋದರನ್ ಅಯ್ಯಪ್ಪನ್ ಮಿಶ್ರಭೋಜನ ಏರ್ಪಡಿಸಿ ದಲಿತರ ಜೊತೆ ಕೂತು ಉಂಡರು. ಸ್ವಂತ ಸಮುದಾಯದವರೇ ಅವರಿಗೆ ಬಹಿಷ್ಕಾರ ಹಾಕಿದರು. ಒಂದು ಊಟಕ್ಕೆ ಅಷ್ಟು ಬೆಲೆ ತೆತ್ತವರಿದ್ದಾರೆ. ಹೀಗಿರುವಾಗ ಶಾಸಕರಿಗೆ, ದೊಡ್ಡ ಚಂದಾ ಕೊಟ್ಟವರಿಗೆ ಅಂತ ಪರದೆ ಕಟ್ಟಿದ ಬೇರೆ ಕೋಣೆ ಮಾಡಿದರೆ ಅದೂ ಪಂಕ್ತಿಭೇದವೇ. ಯಾರು ಎಷ್ಟೇ ಒತ್ತಾಯಿಸಲಿ, ಒಪ್ಪಬೇಡ. ಮೊದಲ ಪಂಕ್ತಿ ಮೇಷ್ಟ್ರುಗಳಿಗೆ, ದೂರ ಹೋಗುವವರಿಗೆ, ಸಂಘಟಕರದು ಕೊನೆಯದು. ಮುನ್ನೂರು ಜನವಾದರೆ ನೂರರಂತೆ ಮೂರು ಪಂಕ್ತಿ. ಒಂದೊಂದಕ್ಕೆ ಮುಕ್ಕಾಲು ಗಂಟೆ ಹಿಡಿ, ಎಲೆ ತೆಗೆದು ಒರೆಸುವ ಹೊತ್ತೂ ಅದರಲ್ಲೇ ಸೇರಲಿ. ಭಾಷಣ ಹನ್ನೆರಡೂವರೆಗೆ ಮುಗಿಯಲೇಬೇಕು. ಸಕ್ಕರೆ ಕಾಯಿಲೆಯ ಹಿರಿಯರನ್ನು ಹಾರ ತುರಾಯಿ ಹೆಸರಲ್ಲಿ ಹಸಿದು ಕೂರಿಸುವುದು ಸನ್ಮಾನವಲ್ಲ.

ಅಡುಗೆ ನಮ್ಮ ಸೀಮೆಯದಿರಲಿ. ಅವರೆಕಾಯಿ ಕಾಲ, ಸೊಗಡು ತುಂಬಿರುತ್ತದೆ. ಬಿಸಿ ರಾಗಿಮುದ್ದೆ, ಅವರೆಕಾಳಿನ ಸಾರು, ಶೇಂಗಾ ಚಟ್ನಿ, ಕೋಸಂಬರಿ, ಹೋಳಿಗೆಗೆ ತುಪ್ಪ, ಅನ್ನ, ತಿಳಿಸಾರು, ಮಜ್ಜಿಗೆ. ಇಷ್ಟು ಸಾಕು. ಬೆಂಗಳೂರಿನ ಕೃಷಿ ವಿಶ್ವವಿದ್ಯಾಲಯದವರು ಹಿಂದೊಮ್ಮೆ ಲೆಕ್ಕ ಹಾಕಿದಾಗ ಆ ನಗರದ ಮದುವೆಗಳಲ್ಲೇ ವರ್ಷಕ್ಕೆ 943 ಟನ್ ಊಟ ಹಾಳಾಗುತ್ತಿತ್ತು. ಬಗೆ ಹೆಚ್ಚಿದಷ್ಟೂ ಎಲೆಯಲ್ಲಿ ಉಳಿಯುವುದು ಹೆಚ್ಚು. 1933ರಲ್ಲಿ ಕೋಡಿ ಹರಿದ ವಾಣಿವಿಲಾಸ ಸಾಗರ ಮತ್ತೆ ಕೋಡಿ ಬೀಳಲು 2022ರವರೆಗೆ ಕಾದ ಹಿರಿಯೂರು ತಾಲ್ಲೂಕು ನಮ್ಮದು. ಇಲ್ಲಿ ಅನ್ನ ಚೆಲ್ಲಲು ಮನಸ್ಸಾದರೂ ಹೇಗೆ ಬಂದೀತು? ಮುದ್ದೆ ಮಾತ್ರ ಪಂಕ್ತಿ ಕೂತ ಮೇಲೆ ಕಟ್ಟಿಸು, ಮೊದಲೇ ಕಟ್ಟಿಟ್ಟರೆ ಬಿರುಸಾಗುತ್ತದೆ. ಬಡಿಸುವವರು ಕೇಳಿ ಬಡಿಸಲಿ, ಸಾರಿನವನು ಮುದ್ದೆಯವನ ಬೆನ್ನಿಗೇ ಬರಲಿ. ಜಿಲ್ಲೆಯ ಬೋರ್‌ವೆಲ್ ನೀರಿಗೆ ಫ್ಲೋರೈಡಿನ ಕಾಟ ಹಳೆಯದು, ಕುಡಿಯಲು ಶುದ್ಧ ನೀರಿನ ಕ್ಯಾನ್ ತರಿಸು. ಉಗ್ರಾಣದ ಬೀಗದ ಕೈ ಒಬ್ಬರ ಹತ್ತಿರವೇ ಇರಲಿ. ಉಳಿಯುವ ಅಡುಗೆ ಯಾವ ಹಾಸ್ಟೆಲಿಗೆ ಎಂದು ಹಿಂದಿನ ದಿನವೇ ಮಾತಾಡಿಕೊಂಡು, ಬಿಸಿ ಆರುವ ಮುಂಚೆ ಕಳಿಸು.

ಶಾಲೆಯ ಬಿಸಿಯೂಟದ ಅಡುಗೆಯವರನ್ನು ಅಂದು ಸಹಾಯಕ್ಕೆ ಕರೆಯೋಣ ಎಂದು ಯಾರಾದರೂ ಹೇಳುತ್ತಾರೆ. ಬೇಡ. ವರ್ಷವಿಡೀ ಮಕ್ಕಳಿಗೆ ಬಡಿಸುವ ಆ ತಾಯಂದಿರಿಗೂ ಆಮಂತ್ರಣ ಪತ್ರಿಕೆ ಕೊಟ್ಟು, ಮೊದಲ ಪಂಕ್ತಿಯಲ್ಲಿ ಮೇಷ್ಟ್ರ ಪಕ್ಕ ಕೂರಿಸಿ ನೀವು ಬಡಿಸಿ. ಪತ್ರಿಕೆ ಇನ್ನೂ ಅಚ್ಚಿಗೆ ಹೋಗಿಲ್ಲವಲ್ಲ, ಅವರ ಹೆಸರುಗಳನ್ನು ಈ ವಾರವೇ ಪಟ್ಟಿಗೆ ಸೇರಿಸು.

ನಿನ್ನ ಅಕ್ಕ